ಧೈರ್ಯ ಹೇಳಲು ಮಲಗಿದವಳು

ಸುಟ್ಟ ಕೈಗೆ ಪಟ್ಟಿ ಕಟ್ಟಿಸಿಕೊಳ್ಳಲು ಅಜ್ಜಿ ತುರ್ತು ಚಿಕಿತ್ಸೆಯ ಕೋಣೆಯ ಹೊರಗೆ ಕೂತಿದ್ದಳು. ಪಕ್ಕದಲ್ಲಿ ಎದೆನೋವೆಂದು ಬಂದ ಬಡಗಿ, ಜೊತೆಗೆ ಅವನ ಹೆಂಡತಿ. ಆಗಷ್ಟೇ ಇಸಿಜಿಯ ವೈರುಗಳನ್ನು ಕಂಡು ಅವನು ಹಿಂದೆ ಸರಿದಾಗ, "ನೋಡ್ರೀ, ಏನೂ ಆಗಲ್ಲ" ಎಂದು ಹೆಂಡತಿಯೇ ಮೊದಲು ಮಲಗಿ, ವೈರು ಹಾಕಿಸಿಕೊಂಡು ತೋರಿಸಿದ್ದಳು.

ನರ್ಸ್ ಇಬ್ಬರ ಇಸಿಜಿ ಹಾಳೆ ಹಿಡಿದು ಓಡಿ ಬಂದಳು.

"ಹಾಳೆ ಓದೋ ಎಐ ಇದರಲ್ಲೊಂದಕ್ಕೆ ಕೆಂಪು ಗುರುತು ಹಾಕಿದೆ. ಹೃದಯದ ರಕ್ತನಾಳ ಕಟ್ಟಿರಬಹುದಂತೆ. ಕಣ್ಣಿಗೆ ತಪ್ಪಿಹೋಗೋ ಅಷ್ಟು ಸಣ್ಣ ಗೆರೆ. ಡಾಕ್ಟ್ರು ಮತ್ತೆ ನೋಡಿ ಹೌದು ಅಂದ್ರು."

"ಗ್ಯಾಸು ಗ್ಯಾಸು ಅಂತಿದ್ರಲ್ಲ, ಕೇಳಿಸ್ಕೊಂಡ್ರಾ?" ಹೆಂಡತಿ ಗಂಡನನ್ನು ಗದರಿದಳು.

"ಅವರದ್ದು ಸರಿಯಾಗಿದೆ. ಇದು ನಿಮ್ಮದಮ್ಮ."

"ನಂದಾ? ಅಯ್ಯೋ, ನಾನು ಸುಮ್ನೆ ತೋರಿಸೋಕೆ ಮಲಗಿದ್ದು! ಗುಂಡುಕಲ್ಲಿನ ಹಾಗಿದ್ದೀನಿ."

"ಅದಲುಬದಲಾಗಿರ್ಬೇಕು ಸಿಸ್ಟರ್." ಬಡಗಿ ಹಾಳೆಗೆ ಕೈಚಾಚಿದ.

"ಇಲ್ಲಣ್ಣ, ಮೊದಲು ಮಲಗಿದ್ದು ಇವರು. ಹಾಳೆ ಮೇಲೆ ಟೈಮು ಅಚ್ಚಾಗಿದೆ. ಅಮ್ಮಾ, ಎಲ್ಲಾದ್ರೂ ನೋವಿದ್ಯಾ?"

"ಬೆಳಗ್ಗೆಯಿಂದ ಬೆನ್ನು ಹಿಡ್ಕೊಂಡಿದೆ. ಕೊಡ ಎತ್ತಿದ್ದಕ್ಕೆ."

"ನಂಗ್ಯಾಕೇ ಹೇಳ್ಲಿಲ್ಲ?"

"ನಿಮ್ಮ ಎದೆಯ ಗಲಾಟೇಲಿ ನನ್ನ ಬೆನ್ನನ್ನ ಯಾರು ಕೇಳ್ತಾರೆ?"

ಗಾಲಿಕುರ್ಚಿ ಬಂತು.

"ನಡ್ಕೊಂಡೇ ಬರ್ತೀನಿ."

"ಒಂದು ಹೆಜ್ಜೆನೂ ಬೇಡ," ಎಂದಳು ನರ್ಸ್.

ಅವಳು ಕೂತಳು. ಕೂತ ಮೇಲೆ ಗಂಡನ ಅಂಗಿಯ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ನೋಡೇ," ಎಂದ ಬಡಗಿ. "ಏನೂ ಆಗಲ್ಲ."

ನರ್ಸ್ ಕುರ್ಚಿ ತಳ್ಳಿದಳು. ಅಂಗಿಯ ತುದಿ ಬಿಡಿಸಿಕೊಳ್ಳದೆ ಅವನೂ ಪಕ್ಕದಲ್ಲೇ ಓಡಿದ. ಅಜ್ಜಿ ಕಾಲು ಮಡಚಿ ದಾರಿ ಬಿಟ್ಟಳು.