ಶನಿವಾರದ ಗಂಜಿಯ ಉಪ್ಪು

ಯುದ್ಧದ ಕಾಲ. ಮಧುಗಿರಿ ಪೇಟೆಯಲ್ಲಿ ಸೀಮೆಎಣ್ಣೆಯ ಸಾಲು ಆಮೆಯಂತೆ ತೆವಳುತ್ತಿತ್ತು. ಸಾಹುಕಾರರ ಡಬ್ಬಿ ಹಿಡಿದು ನಿಂತಿದ್ದ ಕೂಲಿ ತಿಪ್ಪಯ್ಯ, ಮುಂದಿದ್ದ ಇಬ್ಬರು ಹೆಂಗಸರ ಗುರುತು ಹತ್ತಿ ಮುಖ ತಗ್ಗಿಸಿದ. ಶನಿವಾರ ಶನಿವಾರ ಹನುಮಂತರಾಯನ ಗುಡಿಯಲ್ಲಿ ಹಸಿದವರಿಗೆ ರಾಗಿ ಗಂಜಿ ಕಾಯಿಸುವ ಪುಟ್ಟಕ್ಕ, ಕದರಮ್ಮ ಅವರು.

“ಹೋದ್ವಾರ ಗಂಜಿಗೆ ಉಪ್ಪು ನಾನು ಹಾಕಿದ್ನಲ್ಲೇ ಕದರಮ್ಮ,” ಎಂದಳು ಹಿರಿಯಳಾದ ಪುಟ್ಟಕ್ಕ.

“ನೀನು ಹಾಕಿ ಮನೆಗೋದೆ ಅಂತ ನಂಗೇನು ಗೊತ್ತು, ಅಕ್ಕಯ್ಯ? ನಾನೂ ಹಾಕ್ಬುಟ್ಟೆ.”

“ಒಂದು ಚೂರು ನಾಲಿಗೆಗೆ ಇಟ್ಟು ನೋಡೋದಲ್ವಾ?”

“ಸ್ವಾಮಿಗೆ ಎಡೆ ಇಡೋಕೆ ಮೊದ್ಲು ಎಂಜಲು ಮಾಡೋಕಾಯ್ತದಾ?”

“ಎಡೆ ಆದ್ಮೇಲೆ?”

“ಆಮೇಲೆ ಜನ ಮುಗಿಬಿದ್ರು. ಎಲ್ರಿಗೂ ಬಡಿಸಿ, ಕೊನೇಗೆ ತಳ ಕೆರ್ಕೊಂಡು ತಿಂದಾಗ್ಲೇ ಗೊತ್ತಾಗಿದ್ದು. ಬಾಯಿಗೆ ಇಡೋ ಹಂಗಿರ್ಲಿಲ್ಲ.”

“ಕುಡಿದೋರು ಬೈದ್ರಾ?”

“ಇಲ್ಲ.”

“ಒಬ್ರೂ?”

“ಒಬ್ರೂ ಇಲ್ಲ. ತಿರ್ಗಾ ಬಂದು ಬಟ್ಟಲು ಒಡ್ಡಿದ್ರು.”

ಪುಟ್ಟಕ್ಕ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದಳು.

“ಈ ವಾರದಿಂದ ಉಪ್ಪು ನೋಡಿ ಇಳ್ಸಾನ ಕಣೆ.”

“ಎಡೆಗೆ ಮೊದ್ಲೇನಾ? ಸ್ವಾಮಿ ಒಪ್ತಾನಾ, ಅಕ್ಕಯ್ಯ?”

“ಚೆನ್ನಾಗಿಲ್ದಿದ್ರೆ ಸ್ವಾಮಿ ಬುಟ್ಟಾನು. ಹಸಿದೋರು ಬುಡಲ್ಲ, ಕುಡೀತಾರೆ. ಪಾಪ ಬಂದ್ರೆ ನಂಗೇ ಬರ್ಲಿ.”

ಅವರ ಸರದಿ ಬಂತು. ಎಣ್ಣೆ ಹಾಕಿಸಿಕೊಂಡು, ಸೆರಗು ಬಿಗಿದು, ಗುಡಿಯ ಕಡೆ ಹೊರಟರು.

ಹೋದ ಶನಿವಾರ ಎರಡು ಬಟ್ಟಲು ಕುಡಿದಿದ್ದ ತಿಪ್ಪಯ್ಯ ಡಬ್ಬಿ ಮುಂದಿಟ್ಟ.