ದ್ವೀಪದಲ್ಲಿ ಎದ್ದ ಹೊಗೆ

...ಆ ದ್ವೀಪದಲ್ಲಿ ಅಗೆದು ತೆಗೆದದ್ದನ್ನು ಊರು ಅಂತ ಕರೆಯುವುದಾ, ನಿಹಾರಿಕಾ? ಮೊಣಕಾಲೆತ್ತರದ ನಾಲ್ಕು ಗೋಡೆ, ಹೂತುಹೋದ ಬಾವಿ, ರಾಶಿ ರಾಶಿ ಒಡಕು ಮಡಕೆ! ಅದಕ್ಕೆ ಸುತ್ತ ಹಗ್ಗ ಕಟ್ಟಿ, ಚಪ್ಪಲಿ ತೆಗೆದು ಬನ್ನಿ ಅನ್ನುತ್ತಾರೆ. ಯಾವ ದೇವರಿದ್ದಾನೆ ಅಲ್ಲಿ? ಎರಡು ಸಾವಿರ ವರ್ಷದ್ದಂತೆ. ಇರಲಿ. ಹಳೆಯದು ಅಂದ ಕೂಡಲೇ ಸರಕಿಗೆ ಬೆಲೆ ಬರುತ್ತದಾ? ಹಾಗಾದರೆ ಹೋದ ವರ್ಷದ ಒಳ್ಳೆಮೆಣಸು ತಂದು ಈ ಮಟ್ಟಾಂಚೇರಿ ಪೇಟೆಯಲ್ಲಿ ಮಾರು, ನೋಡುವ!

ನಗುವುದೆಂತಕ್ಕೆ? ಓ... ನಗುವಲ್ಲ, ಕೆಮ್ಮಾ? ಗೋದಾಮಿಗೆ ಬಂದಾಗಿನಿಂದ ದುಪ್ಪಟ್ಟಾ ಮೂಗಿಗೆ ಹಿಡಿದುಕೊಂಡೇ ಇದ್ದಿ. ಹಡಗಿನ ಗಾಳಿಗೆ ಶೀತ ಆಗಿರಬೇಕು. ಬೇಡ ಬೇಡ ಅಂದರೂ ಡೆಕ್ಕಿನ ಮೇಲೆಯೇ ನಿಂತಿದ್ದಿಯಲ್ಲ, ಅನುಭವಿಸು!

ಇಷ್ಟಕ್ಕೂ ಅಲ್ಲಿದ್ದವರು ವ್ಯಾಪಾರಿಗಳಂತೆ. ವ್ಯಾಪಾರಿಗಳು! ನಡು ಸಮುದ್ರದಲ್ಲಿ, ಕುಡಿಯುವ ನೀರಿಗೇ ಗತಿಯಿಲ್ಲದ ಮರಳಿನ ಮೇಲೆ ಅಂಗಡಿ ಇಡುವವನು ವ್ಯಾಪಾರಿಯಾ? ಗಿರಾಕಿ ಯಾರು, ಏಡಿಗಳಾ? ಕೊನೆಗೆ ಎಲ್ಲ ಬಿಟ್ಟು ಎದ್ದು ಹೋಗಿದ್ದಾರೆ. ಭರಣಿಯ ಬಾಯಿ ಕಟ್ಟಿ ಇಟ್ಟದ್ದು ಇಟ್ಟ ಹಾಗೆಯೇ. ಸರಕು ಬಿಟ್ಟು ಹೋಗುವವನ ಮುಖವನ್ನೂ ನೋಡುವವನಲ್ಲ ನಾನು.

ಕೊಡು, ಆ ಚೀಲದಿಂದ ಒಂದು ಮುಷ್ಟಿ ಕೊಡು. ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಹೊಡೆಯಲಿ. ಈ ಯಜ್ಞನಾರಾಯಣ ಮೂಸಿ ‘ಹೂಂ’ ಅನ್ನದೆ ಈ ಬಾಗಿಲಿನಿಂದ ಒಂದು ಕಾಳು ಹೊರಗೆ ಹೋದದ್ದಿಲ್ಲ. ದುಬೈಯ ಗಿರಾಕಿ ಫೋನು ಮಾಡಿದರೆ ಏನು ಕೇಳುತ್ತಾನೆ? ಲ್ಯಾಬಿನ ಕಾಗದವಾ? ‘ಸೇಟು ಮೂಸಿದ್ದಾರಾ?’ ಅಷ್ಟೇ. ಆಚೆ ಬೀದಿಯ ಒಣಮೀನಿನ ಅಂಗಡಿಯನ್ನು ಎತ್ತಿಸಬೇಕು ಅಂತ ಎಷ್ಟು ಆಫೀಸು ಹತ್ತಿ ಇಳಿದವನು ನಾನು! ಗಾಳಿ ಈ ಕಡೆ ತಿರುಗಿದರೆ ಊಟ ಸೇರುತ್ತಿರಲಿಲ್ಲ ನನಗೆ. ಅಂಥ ಮೂಗು ಇದು.

ನೀನೋ, ಹಡಗಿನಲ್ಲಿ ಬರುವಾಗ ಎಂತ ಕೇಳಿದಿ? ‘ದೊಡ್ಡಪ್ಪ, ಕಳಕ್ಕೂಟದ ಕಂಪ್ಯೂಟರ್ ಕೆಲಸ ಬಿಟ್ಟು ಬರುತ್ತೇನೆ, ಇನ್ನು ಗಾದಿಯಲ್ಲಿ ನಾನು ಕೂರಲಾ?’ ಹ್ಹ! ನಾನೆಂತ ಸತ್ತಿದ್ದೇನಾ? ನಿನ್ನ ಕಂಪ್ಯೂಟರಿಗೆ ಮೂಗು ಇದೆಯಾ ಮಾರಾಯ್ತಿ? ಮುಷ್ಟಿಯಲ್ಲಿ ಹಿಡಿಯಬೇಕು, ಬಿಸಿ ಉಸಿರು ಊದಬೇಕು, ಕಾಳು ಬೆವರುವ ತನಕ ಮುಚ್ಚಿಡಬೇಕು, ಆಮೇಲೆ ತೆರೆಯಬೇಕು. ಅದಕ್ಕೆ ಮೊದಲು ಕಾಫಿ ಕೂಡ ಮುಟ್ಟಬಾರದು. ನೀವು ಆಫೀಸಿಗೆ ಹೋಗುವುದೇ ಕಾಫಿ ಕುಡಿಯುವುದಕ್ಕೆ!

ಮತ್ತೆ ಆ ಗ್ರೇಸಿ... ನಿನ್ನ ಸ್ನೇಹಿತೆ ಅಂತ ಅಲ್ಲಿ ಸುಮ್ಮನಿದ್ದೆ. ತಿರುವನಂತಪುರದಲ್ಲಿ ಓದಿ ದೊಡ್ಡ ವಿದುಷಿಯಾಗಿದ್ದಾಳಂತೆ. ಕೈಯಲ್ಲಿ ನೋಡಿದರೆ ಪೇಂಟ್ ಬ್ರಷ್ಷು! ಇಡೀ ದಿನ ಮಣ್ಣಿಗೆ ಕಚಗುಳಿ ಇಡುವ ಕೆಲಸ. ‘ಅಂಕಲ್, ಭರಣಿಯಲ್ಲಿ ಎಂಥದೋ ಒಣಗಿದ ಮರದ ಅಂಟು ಸಿಕ್ಕಿದೆ, ಧೂಪದ್ದಿರಬೇಕು, ನಿಮ್ಮಂಥ ಮೂಗು ಕೇರಳದಲ್ಲೇ ಇಲ್ಲ, ಬಂದು ಮೂಸಿ ಹೇಳಿ’ ಅಂತ ಕರೆಸಿ, ಲ್ಯಾಬಿಗೆ ಕಳಿಸಿ ಉಳಿದ ಒಂದು ಚೂರು ಪುಡಿಯನ್ನು ಕೆಂಡದ ಮೇಲೆ ಉದುರಿಸಿದಳು. ಎದ್ದ ಹೊಗೆಯೋ, ಬೀಡಿಯದರಷ್ಟೂ ಇಲ್ಲ. ಅದಕ್ಕೆ ನೀವೆಲ್ಲ ಕಣ್ಣು ಮುಚ್ಚಿದಿರಿ! ಅವಳು ಅತ್ತೇಬಿಟ್ಟಳು. ‘ನಮ್ಮ ಪಳ್ಳಿಯ ಕ್ರಿಸ್ಮಸ್ಸಿನ ಪರಿಮಳ’ ಅಂತೆ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ, ಬರೀ ಮಣ್ಣು, ಪರಿಮಳವೂ ಇಲ್ಲ ಎಂತದೂ ಇಲ್ಲ ಅಂತ. ಆಗ ಎಲ್ಲರೂ ನನ್ನ ಮುಖ ನೋಡಿದ್ದೇ ನೋಡಿದ್ದು... ನೀನೂ ನೋಡಿದಿ. ಈಗ ನೋಡುತ್ತಿದ್ದಿಯಲ್ಲ, ಹೀಗೆಯೇ.

ತಾ ಇಲ್ಲಿ. ಹಾ... ಬಿಸಿ ಉಸಿರು... ಈಗ... ಆಹಾ! ಇಡುಕ್ಕಿಯ ಸರಕು, ಗುಡ್ಡದ ಮೇಲಿನದ್ದು. ಹಲ್ಲಿಗಿಟ್ಟರೆ ಟಕ್ ಅನ್ನುತ್ತದೆ, ಕೇಳಿಸಿತಾ? ಹೂಂ! ಮೊದಲ ದರ್ಜೆ. ಏ ಚಿಕ್ಕಣ್ಣ, ಹೇರಿಸು ಲಾರಿಗೆ!

ಹೇರಿಸು ಅಂದದ್ದು ಕೇಳಲಿಲ್ಲವಾ ಇವನಿಗೆ? ಯಾಕೆ ಬಾಗಿಲಲ್ಲೇ ಕಂಬದ ಹಾಗೆ ನಿಂತಿದ್ದಾನೆ, ಟವೆಲು ಮುಖಕ್ಕೆ ಒತ್ತಿಕೊಂಡು? ಅವನಿಗೂ ಶೀತವಾ? ಅವನು ಹಡಗು ಹತ್ತಿದವನಲ್ಲವಲ್ಲ...

ನಿಹಾರಿಕಾ.

ಮಾತಾಡು. ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಟ್ಟು ನನ್ನ ತಲೆ ಕೆಡಿಸುವವಳು ನೀನು. ಮಲಯಾಳದಲ್ಲಾದರೂ ಹೇಳು, ಇವತ್ತು ಬೈಯುವುದಿಲ್ಲ.

ಇದೆಂತ ನನ್ನ ಅಂಗೈಯಲ್ಲಿ? ಗೋಣಿಯ ನಾರು... ಅಲ್ಲ. ಕೆಂಪಗಿದೆ. ಉದ್ದ, ಎರಡೆರಡು... ಸಿಗಡಿಯ ಮೀಸೆ! ಒಣಸಿಗಡಿಯ ಚೀಲಕ್ಕೆ ತುಂಬಿಸಿದ್ದು ಯಾವ ಕತ್ತೆ? ನನ್ನ ಒಳ್ಳೆಮೆಣಸನ್ನು! ಇಡೀ ಗೋದಾಮು...

ಇಡೀ ಗೋದಾಮು ನಾರುತ್ತಿದೆ ಅಲ್ವಾ?

ಬೆಳಗ್ಗಿನಿಂದ ನಾರುತ್ತಿದೆ. ಅದಕ್ಕೇ ದುಪ್ಪಟ್ಟಾ. ಒಂದು ಮಾತು ಹೇಳಲಿಲ್ಲ ನೀನು. ಕಾದಿ. ನಾನಾಗಿಯೇ ಹೇಳಲಿ ಅಂತ ಕಾದಿ. ಅಲ್ಲ, ದ್ವೀಪದಿಂದಲೇ ಕಾಯುತ್ತಿದ್ದಿ.

...ಆ ಜ್ವರ ಬಂದು ಹೋಯಿತಲ್ಲ, ಆವತ್ತಿನಿಂದ. ಕಾಫಿ ಬಿಸಿನೀರು. ಸಾರು ಬಿಸಿನೀರು. ನಿನ್ನ ದೊಡ್ಡಮ್ಮನಿಗೂ ಗೊತ್ತಿಲ್ಲ. ಕಣ್ಣಿನಿಂದ ಮೂಸುತ್ತಿದ್ದೆ, ಹಲ್ಲಿನಿಂದ ಮೂಸುತ್ತಿದ್ದೆ... ಸುಳ್ಳು ಹೂಂ ಅಂದು ಸರಕು ಸಾಗಿಸುತ್ತಿದ್ದೆ. ಅಯ್ಯೋ, ಹಾಗೆ ನೋಡಬೇಡ! ಸತ್ತ ಮನೆಗೆ ಬಂದವಳ ಹಾಗೆ.

ಚಿಕ್ಕಣ್ಣ, ಲಾರಿಯವನಿಗೆ ಹೇಳು, ಇವತ್ತು ಸರಕು ಹೋಗುವುದಿಲ್ಲ.

ನಿಂತದ್ದೆಂತಕ್ಕೆ? ಬಾ. ಗಾದಿ ಈ ಕಡೆ ಇರುವುದು. ಕೂರು. ಆ ಮೂಲೆಯ ಚೀಲದಿಂದ ಮುಷ್ಟಿ ತೆಗೆ. ಊದು... ಥೂ, ಅಷ್ಟು ಜೋರಾಗಿಯಾ! ಒಲೆ ಊದುತ್ತಿದ್ದಿಯಾ? ಮೆಲ್ಲಗೆ. ಹಾ, ಹಾಗೆ. ಮುಚ್ಚಿಡು. ಬೆವರಲಿ.

ಅದು ಬೆವರುವುದರೊಳಗೆ... ಒಂದು ಕೇಳುತ್ತೇನೆ, ನಗಬಾರದು. ಆ ದ್ವೀಪದಲ್ಲಿ, ಗ್ರೇಸಿ ಅತ್ತಳಲ್ಲ, ಆ ಹೊಗೆ...

ಹೇಗಿತ್ತು ಮಗಾ ಅದು?