ಶ್ರಾವಣದ ಸಕ್ಕರೆ

ಖಾನಾಪುರದ ಬಸ್ ನಿಲ್ದಾಣದಲ್ಲಿ ಮಳೆಗೆ ಒಳಸರಿದು ನಿಂತಿದ್ದ ಐಶ್ವರ್ಯಾಳ ಬೆನ್ನ ಹಿಂದೆ ಗಂಡಸೊಬ್ಬ ಸಿಡುಕಿದ.

“ಇಪ್ಪತ್ತು ಸಾವಿರ ಮಂದಿಗೆ ಸಕ್ಕರಿ ಪಾಕ, ನನಗ ಸಪ್ಪನ ಚಾ!”

ಅಜ್ಜಿಯ ಕತೆಯೊಳಗಿನ ರಾಜನ ದಂಡೇ ಇವರ ಮನೆಗೆ ಊಟಕ್ಕೆ ಬಂದಿರಬೇಕೆಂದು ಐಶ್ವರ್ಯಾ ಕಿವಿಗೊಟ್ಟಳು.

“ಜೇನಹುಳದ ಮ್ಯಾಲ ಹೊಟ್ಟಿಕಿಚ್ಚೇನ್ರಿ?” ಎಂದಳು ಅವನ ಹೆಂಡತಿ. “ಈ ಮಳ್ಯಾಗ ಅಡವ್ಯಾಗ ಒಂದ ಹೂವಿಲ್ಲ. ಪಾಕ ಇಡಲಿಲ್ಲಂದ್ರ ಪೆಟ್ಟಿಗಿ ಬಿಟ್ಟ ಹೋಗ್ತಾವು.”

“ನಾನೂ ಬಿಟ್ಟ ಹೋಗ್ತೇನಿ. ಪೀರನವಾಡಿಗೆ, ನಮ್ಮಕ್ಕನ ಮನಿಗೆ.”

“ಹೋಗ್ರಿ. ನೇರಳಿ ಗಿಡ ಹೂ ಬಿಟ್ಟ ಮ್ಯಾಲ ಬರ್ರಿ. ಚಾದಾಗ ಜೇನತುಪ್ಪನ ಹಾಕಿ ಕೊಡ್ತೇನಿ.”

“ಅದು ಶಿವರಾತ್ರಿ ಮುಂದ! ಈಗಿನ್ನೂ ಶ್ರಾವಣ!”

“ಅದಕ್ಕ ನಾ ಏನ ಮಾಡ್ಲಿ? ಗಿಡಕ್ಕ ಹೇಳ್ರಿ.”

“ಹುಳ ಹ್ವಾದ್ರ ಅಳತಿ. ನಾ ಹ್ವಾದ್ರ?”

“ಚಾಪುಡಿ ಉಳಿತೈತಿ.”

ಬೆಳಗಾವಿ ಬಸ್ ಬಂತು. ಅವನು ಖರೇನೇ ಹತ್ತಿಬಿಟ್ಟ. ಅವಳು ಕೊಡೆ ಬಿಚ್ಚಿ, ತಿರುಗಿ ನೋಡದೆ ಮನೆಯ ದಾರಿ ಹಿಡಿದಳು. ಬಸ್ ಹೊರಡುತ್ತಲೇ ಅವನು ಮಳೆಯನ್ನೂ ಲೆಕ್ಕಿಸದೆ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ.

“ಏ ಪ್ರಮಿಳಾ, ಪಾಕಕ್ಕ ಸಕ್ಕರಿ ಕಡಿಮಿ ಹಾಕಬ್ಯಾಡ! ಬಿಟ್ಟ ಹೋದಾವು!”